ಸೊನ್ನೆ ಬರುತ್ತಿದ್ದ ಕರೆಂಟ್ ಬಿಲ್ ಈಗ 1,900, ಎಲ್ಲಿಂದ ನೋಡಬೇಕು?

ವಿಜಯಪುರ, ಜಲನಗರ (ಕೇಳಿದವರು)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಆರು ಜನ ಇದ್ದೇವೆ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಂದಾಗಿನಿಂದ ಬಿಲ್ ಸೊನ್ನೆ, ಇಲ್ಲಾಂದ್ರೆ ನೂರೋ ಇನ್ನೂರೋ. ಬೇಸಿಗೆಯ ಈ ಬಿಲ್‌ನಲ್ಲಿ 218 ಯೂನಿಟ್ ತೋರಿಸಿ 1,900 ರೂಪಾಯಿ ಹತ್ತಿರ ಬಂದಿದೆ. ಎಸಿ ಇಲ್ಲ. ನಾಲ್ಕು ಫ್ಯಾನ್, ಒಂದು ಕೂಲರ್, ಫ್ರಿಜ್, ಟಿವಿ, ಇನ್ವರ್ಟರ್, ಬೋರ್ ಮೋಟರ್ ಅಷ್ಟೇ. ಮೀಟರ್ ಕೆಟ್ಟಿದೆ ಅಂತ ಅತ್ತೆಯವರು ಹೇಳುತ್ತಾರೆ. ಸೋಲಾರ್ ಹಾಕಿಸೋಣ ಅಂತ ಮನೆಯವರು. ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ವಿಜಯಪುರ, ಆಶ್ರಮ ರಸ್ತೆ

ಅಕ್ಕಾರೆ, ಮೀಟರ್ ವಿಷಯ ಆಮೇಲೆ. ಮೊದಲು ಬಿಲ್ ಓದಿ. 200 ಯೂನಿಟ್ ದಾಟಿದ ತಿಂಗಳು ಗೃಹಜ್ಯೋತಿ ಪೂರ್ತಿ ಕೈಬಿಡುತ್ತದೆ. ಮೇಲಿನ 18 ಯೂನಿಟ್‌ಗೆ ಮಾತ್ರ ಅಲ್ಲ, ಅಷ್ಟೂ 218ಕ್ಕೆ ದುಡ್ಡು ಕಟ್ಟಬೇಕು. 200ರ ಒಳಗೇ ಇದ್ದರೂ ಕೆಲವು ತಿಂಗಳು ನೂರಿನ್ನೂರು ಬರುತ್ತಿತ್ತಲ್ಲ, ಅದಕ್ಕೂ ಕಾರಣ ಇದೆ. 2022-23ರಲ್ಲಿ ನೀವು ಬಳಸಿದ ಸರಾಸರಿಯ ಮೇಲೆ 10% ಸೇರಿಸಿ ನಿಮ್ಮ ಪಾಲಿನ ಯೂನಿಟ್ ಗೊತ್ತುಮಾಡಿದ್ದಾರೆ. ಅದಕ್ಕಿಂತ ಜಾಸ್ತಿ ಆದಷ್ಟಕ್ಕೆ ಮಾತ್ರ ಬಿಲ್.

1,900 ಹೇಗೆ ಆಯಿತು ನೋಡಿ. 2025-26ರ ದರದಲ್ಲಿ ಯೂನಿಟ್‌ಗೆ 5.80. 218ಕ್ಕೆ ಸುಮಾರು 1,264. ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್ ಯೂನಿಟ್‌ಗೆ 36 ಪೈಸೆಯಂತೆ 78. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145, ನಿಮ್ಮದು 3 ಕಿಲೋವ್ಯಾಟ್ ಲೋಡ್ ಇದ್ದರೆ 435. ಯೂನಿಟ್ ದುಡ್ಡಿನ ಮೇಲೆ 9% ತೆರಿಗೆ, ಸುಮಾರು 114. ಎಲ್ಲ ಸೇರಿ 1,890 ಆಯಿತು. ಇಂಧನ ಹೊಂದಾಣಿಕೆ ಶುಲ್ಕ ಅಂತ ಒಂದು ಸಾಲು ಇರುತ್ತದೆ, ಅದು ತಿಂಗಳಿಗೊಂದು ಥರ. ಲೆಕ್ಕ ಸರಿಯಾಗಿಯೇ ಇದೆ. ನೀವು ಹುಡುಕಬೇಕಾದದ್ದು ಆ ಮೇಲಿನ 18 ಯೂನಿಟ್ ಎಲ್ಲಿ ಹೋಯಿತು ಅನ್ನೋದನ್ನು. ಅಷ್ಟು ಉಳಿಸಿದರೆ ಈ ಬಿಲ್ಲಿನ ಬಹುಪಾಲು ಇರುತ್ತಲೇ ಇರಲಿಲ್ಲ.

ಇನ್ನೊಂದು, ಬಿಲ್ಲಿನಲ್ಲಿರುವ ರೀಡಿಂಗನ್ನು ಮೀಟರ್‌ಗೆ ಹೋಲಿಸಿ ನೋಡಿ. ಹಿಂದಿನ ತಿಂಗಳು ಮನೆಗೆ ಬೀಗ ಇತ್ತು ಅಂತ ಸರಾಸರಿ ಬಿಲ್ ಹಾಕಿದ್ದರೆ, ಉಳಿದ ಯೂನಿಟ್ ಈ ತಿಂಗಳಿಗೆ ಬಂದು ಕೂತಿರುತ್ತದೆ.

ಬಾಗಲಕೋಟೆ, ನವನಗರ

ನಾನು ಮನೆ ವೈರಿಂಗ್ ಕೆಲಸ ಮಾಡುವವನು. ಬೇಸಿಗೆ ಬಂತು ಅಂದ್ರೆ ಇದೇ ಪ್ರಶ್ನೆ ಕೇಳಿಕೊಂಡು ಫೋನ್ ಬರುತ್ತವೆ. ಹೊಸ ಸಾಮಾನು ಕೊಳ್ಳುವ ಮೊದಲು ಮೀಟರ್ ಮುಂದೆ ನಿಂತು ಹತ್ತು ನಿಮಿಷ ಕೊಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಡಿಜಿಟಲ್ ಮೀಟರ್‌ನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಅನ್ನೋದು ಮೀಟರ್ ಮೇಲೇ ಅಚ್ಚಾಗಿರುತ್ತದೆ. ಹೆಚ್ಚಿನ ಕಡೆ ನನಗೆ ಕಾಣುವುದು 3200. ಅದು 3200 ಇದ್ದರೆ, ನಿಮಿಷಕ್ಕೆ 4 ಸಲ ಮಿನುಗಿದಾಗ ಸುಮಾರು 75 ವ್ಯಾಟ್ ಹೋಗುತ್ತಿದೆ ಅಂತ. ಅಂದ್ರೆ ಒಂದು ಹಳೆ ಫ್ಯಾನ್. ಈಗ ಎಲ್ಲ ಬಂದ್ ಮಾಡಿ ಕೂಲರ್ ಒಂದನ್ನೇ ಹಚ್ಚಿ, ಎಣಿಸಿ. ಆಮೇಲೆ ಫ್ರಿಜ್ ಒಂದೇ, ಮೋಟರ್ ಒಂದೇ. ಫ್ರಿಜ್ ಎಣಿಸುವಾಗ ಅದರ ಕಂಪ್ರೆಸರ್ ಓಡುತ್ತಿರಬೇಕು. ಯಾವುದು ಎಷ್ಟು ತಿನ್ನುತ್ತದೆ ಅಂತ ನಿಮ್ಮ ಕಣ್ಣಿಗೇ ಕಾಣುತ್ತದೆ.

ಮೀಟರ್ ಮೇಲೆ ಅನುಮಾನ ಇದ್ದರೆ ಮನೆಯ ಮೇನ್ ಸ್ವಿಚ್ ಬಂದ್ ಮಾಡಿ ನೋಡಿ. ಆಗಲೂ ದೀಪ ಮಿನುಗಿದರೆ ಮೀಟರ್ ಕೆಟ್ಟಿರಬೇಕು, ಇಲ್ಲವೇ ಮೀಟರ್ ಮತ್ತು ಮೇನ್ ನಡುವೆ ಎಲ್ಲೋ ಲೈನ್ ಎಳೆದಿರಬೇಕು. ಆಗ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ (ನಿಮ್ಮ ಕನೆಕ್ಷನ್ ಸಂಖ್ಯೆ) ಹಿಡಿದು ನಮ್ಮ ಕಡೆಯ ಕರೆಂಟ್ ಕಂಪನಿ ಹೆಸ್ಕಾಂನ ಶಾಖಾ ಕಚೇರಿಗೆ ಅರ್ಜಿ ಕೊಡಿ, ಶುಲ್ಕ ಕಟ್ಟಿದರೆ ಮೀಟರ್ ಪರೀಕ್ಷೆ ಮಾಡುತ್ತಾರೆ. ಅವರ ಸಹಾಯವಾಣಿ 1912ಕ್ಕೂ ಫೋನ್ ಮಾಡಬಹುದು. ಸೀಲ್ ಮಾತ್ರ ಯಾರೂ ಮುಟ್ಟಬೇಡಿ, ಅದು ಕೇಸ್ ಆಗುತ್ತದೆ.

ಮೇನ್ ಚಾಲೂ ಇಟ್ಟು ಎಲ್ಲ ಸ್ವಿಚ್ ಬಂದ್ ಮಾಡಿದಾಗಲೂ ಮಿನುಗುತ್ತಿದ್ದರೆ ದೋಷ ಮನೆಯೊಳಗಿದೆ. ಗೋಡೆಯಲ್ಲಿ ಹಳೆ ವೈರ್ ಲೀಕ್ ಆಗುತ್ತಿರಬಹುದು. ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದಾ? ಹಾಗಿದ್ದರೆ ಬಿಲ್ ಚಿಂತೆ ಬಿಡಿ, ಮೊದಲು ಅರ್ಥಿಂಗ್ ನೋಡಿಸಿ, ಲೀಕೇಜ್ ಆದರೆ ಟ್ರಿಪ್ ಆಗುವ ಆರ್‌ಸಿಸಿಬಿ ಹಾಕಿಸಿ. ಮಕ್ಕಳಿರುವ ಮನೆಯಲ್ಲಿ ಇದನ್ನು ನಾಳೆಗೆ ಅಂತ ಇಡಬಾರದು.

ಈ ಪರೀಕ್ಷೆ ಮಾಡುವಾಗ ಇನ್ವರ್ಟರ್‌ನ ಪ್ಲಗ್ ಕೂಡ ತೆಗೆಯಬೇಕು. ಅದನ್ನು ಎಲ್ಲರೂ ಮರೆಯುತ್ತಾರೆ.

ಜಮಖಂಡಿ

ಬೋರ್ ಮೋಟರ್ ನೋಡಿ ಅಕ್ಕಾ. ಮೊದಲು ಟಾಕಿ ಎಷ್ಟೊತ್ತಿಗೆ ತುಂಬುತ್ತಿತ್ತು, ಈಗ ಎಷ್ಟೊತ್ತಿಗೆ? ಬೇಸಿಗೆಯಲ್ಲಿ ಬೋರ್‌ನಲ್ಲಿ ನೀರು ಕೆಳಗೆ ಹೋಗುತ್ತದೆ, ಮೋಟರ್ ಜಾಸ್ತಿ ಹೊತ್ತು ಓಡುತ್ತದೆ. 1 ಎಚ್‌ಪಿ ಮೋಟರ್ ಗಂಟೆಗೆ ಒಂದು ಯೂನಿಟ್‌ನಷ್ಟು ಎಳೆಯುತ್ತದೆ. ನಮ್ಮಲ್ಲಿ ನಾನ್ ರಿಟರ್ನ್ ವಾಲ್ವ್ ಹೋಗಿ, ಮೋಟರ್ ನಿಲ್ಲಿಸಿದ ಕೂಡಲೇ ಪೈಪ್‌ನಲ್ಲಿದ್ದ ನೀರೆಲ್ಲ ವಾಪಸ್ ಇಳಿಯುತ್ತಿತ್ತು. ವಾಲ್ವ್ ಬದಲಿಸಿದ್ವಿ, ಟಾಕಿಗೆ ಫ್ಲೋಟ್ ಸ್ವಿಚ್ ಹಾಕಿಸಿದ್ವಿ. ನೀರೂ ಉಳಿಯಿತು.

ವಿಜಯಪುರ, ಸೋಲಾಪುರ ರಸ್ತೆ

ನಮ್ಮೂರಿನ ಬಿಸಿಲಿಗೆ ಫ್ಯಾನ್ ಬಂದ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ವಯಸ್ಸಾದವರು ಮನೆಯಲ್ಲಿದ್ದಾರೆ, ಬಿಲ್ ಉಳಿಸೋಕೆ ಅವರನ್ನು ಸೆಖೆಯಲ್ಲಿ ಇಡೋದು ತಪ್ಪು. ಫ್ಯಾನನ್ನೇ ಬದಲಿಸಿ.

ಹಳೆ ಫ್ಯಾನ್ 75 ವ್ಯಾಟ್. ದಿನಕ್ಕೆ 16 ಗಂಟೆ ತಿರುಗಿದರೆ ತಿಂಗಳಿಗೆ 36 ಯೂನಿಟ್. ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್, ಅದೇ ಹೊತ್ತಿಗೆ 14-15 ಯೂನಿಟ್. ಅಲ್ಲಿಗೇ ನಿಮ್ಮ 18 ಯೂನಿಟ್ ಬಂತಲ್ವಾ? ನಾಲ್ಕನ್ನೂ ಒಟ್ಟಿಗೆ ತರಬೇಕಿಲ್ಲ. ರಾತ್ರಿಯಿಡೀ ತಿರುಗುವುದು ಯಾವುದು, ಹಗಲು ಅಜ್ಜ ಅಜ್ಜಿ ಮಲಗುವ ಕೋಣೆಯದ್ದು ಯಾವುದು, ಅವನ್ನು ಮೊದಲು ಬದಲಿಸಿ. ಹಳೆ ರೆಗ್ಯುಲೇಟರ್‌ಗೆ ಈ ಫ್ಯಾನ್ ಜೋಡಿಸಬಾರದು, ಅದನ್ನು ತೆಗೆಸಿಬಿಡಿ.

ಕೂಲರ್ ವಿಷಯ. ನಮ್ಮದು ಒಣ ಸೆಖೆ, ಇಲ್ಲಿಗೆ ಕೂಲರ್ ಒಳ್ಳೆಯದು. ದೊಡ್ಡ ಕೂಲರ್ 150ರಿಂದ 200 ವ್ಯಾಟ್, ಎಸಿ ಆದರೆ ಗಂಟೆಗೆ ಒಂದು ಒಂದೂವರೆ ಯೂನಿಟ್. ಆದರೆ ಬಹಳ ಮನೆಗಳಲ್ಲಿ ಕಿಟಕಿ ಬಾಗಿಲು ಬಂದ್ ಮಾಡಿ ಕೂಲರ್ ಹಚ್ಚುತ್ತಾರೆ. ಆಗ ಒಳಗೆಲ್ಲ ಹಸಿಯಾಗಿ ಮೈ ಅಂಟುತ್ತದೆ, ತಂಪೇ ಅನಿಸುವುದಿಲ್ಲ, ಮೇಲೆ ಫ್ಯಾನೂ ಜೋರು ಮಾಡುತ್ತಾರೆ. ಕೂಲರನ್ನು ಕಿಟಕಿಗೆ ಹೊಂದಿಸಿ, ಎದುರಿನ ಕಿಟಕಿ ತೆರೆದಿಡಿ. ನಮ್ಮ ಸವಳು ನೀರಿಗೆ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ಬೆರಳಿಂದ ಉಜ್ಜಿದರೆ ಪುಡಿ ಉದುರುತ್ತದೆ. ಅಂಥ ಪ್ಯಾಡ್‌ನಲ್ಲಿ ಗಾಳಿ ಹಾಯುವುದಿಲ್ಲ. ಸೀಸನ್ ಶುರುವಾಗುವ ಮೊದಲೇ ಬದಲಿಸಬೇಕು.

ಮಾಳಿಗೆಗೆ ಸುಣ್ಣ ಬಳಿದು ನೋಡಿ. ಕಾಂಕ್ರೀಟ್ ಮಾಳಿಗೆ ಹಗಲೆಲ್ಲ ಕಾದು ರಾತ್ರಿ ಹನ್ನೆರಡರವರೆಗೂ ಕೋಣೆಗೆ ಬಿಸಿ ಬಿಡುತ್ತದೆ. ನಮ್ಮ ಮನೆಯಲ್ಲಿ ಬಳಿದ ಮೇಲೆ ರಾತ್ರಿ ಕೂಲರ್ ಬೇಗ ಬಂದ್ ಮಾಡುತ್ತೇವೆ.

ಬೆಳಗಾವಿ, ತಿಲಕವಾಡಿ

ನಮಗೆ ಬೇಸಿಗೆಗಿಂತ ಮಳೆಗಾಲ, ಚಳಿಗಾಲದಲ್ಲೇ ಬಿಲ್ ಏರುತ್ತದೆ, ಗೀಸರ್‌ನಿಂದ. 2000 ವ್ಯಾಟ್ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್. ಒಬ್ಬರಾದ ಮೇಲೆ ಒಬ್ಬರು ಕೂಡಲೇ ಸ್ನಾನ ಮುಗಿಸೋದು, ಕೊನೆಯವರು ಸ್ವಿಚ್ ಬಂದ್ ಮಾಡೋದು, ಇಷ್ಟೇ ನಾವು ಮಾಡಿದ್ದು. ಫರಕು ಬಿಲ್ಲಿನಲ್ಲೇ ಕಂಡಿತು.

ಬಾಡಿಗೆ ಮನೆಯವರಿಗೆ ಒಂದು ಮಾತು. ಹಿಂದಿನ ಬಾಡಿಗೆದಾರರ ಆಧಾರ್ ಆ ಆರ್‌ಆರ್ ನಂಬರ್‌ಗೆ ಜೋಡಣೆ ಆಗಿಯೇ ಉಳಿದಿದ್ದರೆ ನಿಮಗೆ ಗೃಹಜ್ಯೋತಿ ಸಿಗುವುದಿಲ್ಲ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅದನ್ನು ಬಿಡಿಸಲು ಅವಕಾಶ ಇದೆ. ಮನೆ ಖಾಲಿ ಮಾಡುವಾಗಲೇ ಅವರಿಂದ ಮಾಡಿಸಿಕೊಳ್ಳಿ ಅಂತ ಮಾಲೀಕರಿಗೆ ಹೇಳಿ.

ಬಾಗಲಕೋಟೆ, ವಿದ್ಯಾಗಿರಿ

ಸೋಲಾರ್ ಬಗ್ಗೆ. ನಮ್ಮ ಮನೆಯಲ್ಲಿ ವರ್ಷವಿಡೀ ತಿಂಗಳಿಗೆ 300 ಯೂನಿಟ್ ಮೇಲೆ ಬರುತ್ತಿತ್ತು, ಅದಕ್ಕೆ ಕೇಂದ್ರದ ಸೋಲಾರ್ ಯೋಜನೆ ಪಿಎಂ ಸೂರ್ಯ ಘರ್‌ನಲ್ಲಿ 3 ಕಿಲೋವ್ಯಾಟ್ ಹಾಕಿಸಿದೆವು. ಸಬ್ಸಿಡಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಮೇಲ್ಪಟ್ಟು 78,000. ಒಳ್ಳೆ ಬಿಸಿಲಿದ್ದರೆ ಒಂದು ಕಿಲೋವ್ಯಾಟ್ ದಿನಕ್ಕೆ 4 ಯೂನಿಟ್ ಹತ್ತಿರ ಕೊಡುತ್ತದೆ. ನಮಗೆ ಅದು ಲಾಭ. ಆದರೆ ವರ್ಷದಲ್ಲಿ ಬೇಸಿಗೆ ಬಿಟ್ಟು ಉಳಿದ ತಿಂಗಳೆಲ್ಲ ಬಿಲ್ ಸೊನ್ನೆ ಇರುವ ನಿಮ್ಮಂಥ ಮನೆಗೆ ಅಷ್ಟು ದುಡ್ಡು ಹಾಕಬೇಡಿ ಅಂತ ನಾನು ಹೇಳುತ್ತೇನೆ. ಎರಡು ಫ್ಯಾನ್ ಬದಲಿಸಿದರೆ ಆಗುವ ಕೆಲಸ.

ವಿಜಯಪುರ, ಜಲನಗರ (ಕೇಳಿದವರು)

ಎಲ್ಲರಿಗೂ ತುಂಬಾ ಧನ್ಯವಾದ. ನವನಗರದ ಅಣ್ಣಾರು ಹೇಳಿದ ಹಾಗೆ ಮಾಡಿದೆವು. ಮೇನ್ ಬಂದ್ ಮಾಡಿದಾಗ ದೀಪ ನಿಂತಿತು, ಅತ್ತೆಯವರಿಗೂ ತೋರಿಸಿದೆ. ಆಮೇಲೆ ಮೇನ್ ಚಾಲೂ ಮಾಡಿ, ಮನೆಯ ಎಲ್ಲ ಸ್ವಿಚ್ ಬಂದ್ ಮಾಡಿ, ಇನ್ವರ್ಟರ್ ಒಂದನ್ನೇ ಬಿಟ್ಟಾಗ ನಿಮಿಷಕ್ಕೆ 3 ಸಲ ಮಿನುಗುತ್ತಿದೆ. ಹಿಂದಿನ ದಿನದಿಂದ ಕರೆಂಟ್ ಹೋಗಿಯೇ ಇಲ್ಲ. ಬ್ಯಾಟರಿ ಹಳೆಯದು. ಮೀಟರ್ ಮೇಲೆ 3200 ಅಂತಲೇ ಇದೆ. ಇದು ಜಾಸ್ತಿಯಾ?

ಬಾಗಲಕೋಟೆ, ನವನಗರ

ಜಾಸ್ತಿಯೇ ತಂಗಿ. 3 ಸಲ ಅಂದ್ರೆ 56 ವ್ಯಾಟ್, ಹಗಲೂ ರಾತ್ರಿ. ತಿಂಗಳಿಗೆ 40 ಯೂನಿಟ್. ಬ್ಯಾಟರಿ ತುಂಬಿದ ಮೇಲೆ ಇನ್ವರ್ಟರ್ ಇದರಲ್ಲಿ ಸ್ವಲ್ಪವೇ ಭಾಗ ಎಳೆಯಬೇಕು. ನಿಮ್ಮ ಬ್ಯಾಟರಿ ಚಾರ್ಜ್ ಹಿಡಿಯುತ್ತಿಲ್ಲ, ಅದಕ್ಕೆ ಎಳೆಯುತ್ತಲೇ ಇದೆ. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಟರ್ಮಿನಲ್ ಮೇಲೆ ಹಸಿರು ಪುಡಿ ಕಟ್ಟಿದೆಯಾ ನೋಡಿ. ಬ್ಯಾಟರಿ ಅಂಗಡಿಯಲ್ಲಿ ಲೋಡ್ ಹಾಕಿ ಪರೀಕ್ಷೆ ಮಾಡಿಕೊಡುತ್ತಾರೆ, ಅಲ್ಲಿಯವರೆಗೆ ಹೊಸದು ಕೊಳ್ಳಬೇಡಿ. ಕೈ ಇಟ್ಟಾಗ ಬ್ಯಾಟರಿ ಬಿಸಿ ಇದ್ದರೆ, ಇಲ್ಲವೇ ಕೊಳೆತ ಮೊಟ್ಟೆಯ ವಾಸನೆ ಬಂದರೆ ಇವತ್ತೇ ಪ್ಲಗ್ ತೆಗೆದುಬಿಡಿ, ಆ ಕೋಣೆಯ ಕಿಟಕಿ ತೆರೆದಿಡಿ.