ಡೆರೇಚೊ ಎಂಬ ಬಿರುಗಾಳಿ ಬರುವ ಮುನ್ನ ಏನು ಮಾಡಿಕೊಳ್ಳಬೇಕು? 2020ನ್ನು ಕಂಡವರ ಅನುಭವ ಬೇಕಾಗಿದೆ

ಶಿವಮೊಗ್ಗದವನು (ಪ್ರಶ್ನೆ):
ಅಮೆರಿಕದ ಐಯೋವಾದ ಸೀಡರ್ ರ‍್ಯಾಪಿಡ್ಸ್‌ನಲ್ಲಿ ಈ ವಸಂತದಲ್ಲಿ ಮನೆ ಕೊಂಡಿದ್ದೇವೆ. ಮಲಗುವ ಕೋಣೆಯಿಂದ ಹದಿನೈದು ಅಡಿ ದೂರದಲ್ಲಿ ಭಾರೀ ಸಿಲ್ವರ್ ಮೇಪಲ್ ಮರವೊಂದಿದೆ. 2020ರ ಆಗಸ್ಟ್ 10ರ ಸುಂಟರಗಾಳಿಯಲ್ಲಿ ಅದರ ಅರ್ಧ ಕೊಂಬೆಗಳು ಹೋಗಿದ್ದವೆಂದು ನೆರೆಯವರು ಹೇಳಿದರು. ಜೂನ್‌ನಲ್ಲಿ ಅಪ್ಪ, ಅಮ್ಮ ಬರುತ್ತಾರೆ, ಅಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಕೈಯಲ್ಲಿ ಇರುವುದು ಆರು ಸಾವಿರ ಡಾಲರ್. ಮರ ಕಡಿಸುವುದೇ, ಜನರೇಟರ್ ಕೊಳ್ಳುವುದೇ, ವಿಮೆ ಬದಲಾಯಿಸುವುದೇ ಎಂದು ಅನುಭವಸ್ಥರು ತಿಳಿಸಬೇಕು.

ಕಾವೇರಿತೀರ:
ವಿಮೆಯ ಪತ್ರವನ್ನು ಮೊದಲು ಓದಿ, ಏಕೆಂದರೆ ನಾನು ಓದಿರಲಿಲ್ಲ. ನಮ್ಮ ಮನೆಯ ವಿಮೆ 3,10,000 ಡಾಲರಿಗೆ ಇತ್ತು, ಗಾಳಿ ಮತ್ತು ಆಲಿಕಲ್ಲಿನ ಹಾನಿಗೆ ಡಿಡಕ್ಟಿಬಲ್ ಎರಡು ಪ್ರತಿಶತ, ಅಂದರೆ 6,200 ಡಾಲರ್ ನಮ್ಮದೇ ಕೈಯಿಂದ. ಛಾವಣಿಗೆ 17,400, ಗೋಡೆಯ ಹೊರಹೊದಿಕೆಗೆ 4,300, ಒಳಗಿನ ಸೀಲಿಂಗಿಗೆ 3,900 ಎಂದು ಒಟ್ಟು 25,600 ಡಾಲರಿನ ಹಾನಿಯನ್ನು ವಿಮಾ ಕಂಪನಿಯವರೇ ಒಪ್ಪಿಕೊಂಡರು. ಆದರೆ ಛಾವಣಿಗೆ ಹದಿನಾಲ್ಕು ವರ್ಷವಾಗಿದೆಯೆಂದು 12,180 ಡಾಲರ್ ಸವಕಳಿ ಕಳೆದು, ಉಳಿದದ್ದರಲ್ಲಿ ಡಿಡಕ್ಟಿಬಲ್ ಕಳೆದು, ಕೊನೆಗೆ ಕಳುಹಿಸಿದ ಚೆಕ್ 7,220 ಡಾಲರಿನದು. ಅದೂ ಜನವರಿಯಲ್ಲಿ, ಅಲ್ಲಿಯವರೆಗೆ ನೀಲಿ ಟಾರ್ಪಾಲಿನ ಕೆಳಗೆ ಎರಡು ಮಕ್ಕಳೊಂದಿಗೆ ಬದುಕಿದೆವು. ಬಿದ್ದ ನಾಲ್ಕು ಮರಗಳಲ್ಲಿ ಮನೆಗೆ ತಗುಲಿದ ಒಂದಕ್ಕೆ ಮಾತ್ರ 500 ಡಾಲರ್ ಕೊಟ್ಟರು. ಅಂಗಳದಲ್ಲಿ ಬಿದ್ದ ಮೂರಕ್ಕೆ ಬಿಡಿಗಾಸೂ ಇಲ್ಲ. ಮರ ತೆಗೆದವರ ಬಿಲ್ 6,800 ಡಾಲರ್.

ಇನ್ನೊಂದು ಮಾತು. ಆಗಸ್ಟ್ 10ರಂದು ಬಂದದ್ದು ಸುಂಟರಗಾಳಿಯಲ್ಲ. ಸುಂಟರಗಾಳಿ ಸುತ್ತುತ್ತದೆ, ಡೆರೇಚೊ ನೇರವಾಗಿ ಬೀಸುತ್ತದೆ. ಆ ಸ್ಪ್ಯಾನಿಷ್ ಪದದ ಅರ್ಥವೇ ನೇರ ಎಂದು, ಅದನ್ನು 1888ರಲ್ಲಿ ಬಳಕೆಗೆ ತಂದವರು ಐಯೋವಾದವರೇ ಆದ ಹಿನ್ರಿಕ್ಸ್ ಎಂಬ ವಿಜ್ಞಾನಿ. ನಮ್ಮ ಬೀದಿಯ ಮರಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದವು.

ಮೇರಿಯನ್‌ವಾಸಿ:
ಹೆಸರು ಯಾವುದಾದರೇನು, ಕರೆಂಟು ಇಲ್ಲದ ಹನ್ನೊಂದು ದಿನಗಳೇ ನನಗೆ ನೆನಪು. ಜನರೇಟರ್ ಕೊಳ್ಳಿ, ಬೇರೆ ಯೋಚನೆ ಬೇಡ. ಮೊದಲ ಮೂರು ದಿನದಲ್ಲಿ ಫ್ರೀಜರ್‌ನಲ್ಲಿದ್ದ ಅವರೆಕಾಳು, ತೆಂಗಿನತುರಿ, ತರಕಾರಿ ಎಲ್ಲವನ್ನೂ ಎಸೆದೆವು. ಊರಿನ ಅಂಗಡಿಗಳಲ್ಲಿ ಒಂದು ಜನರೇಟರೂ ಉಳಿದಿರಲಿಲ್ಲ. ಫೋನ್ ಸಹ ಸತ್ತಿದ್ದರಿಂದ ಎಲ್ಲಿ ಸಿಗುತ್ತದೆಂದು ಕೇಳುವಂತಿರಲಿಲ್ಲ. ಮೂರು ಗಂಟೆ ಉತ್ತರಕ್ಕೆ ಕಾರು ಓಡಿಸಿ, ಮಿನ್ನೆಸೋಟಾದಿಂದ 5,500 ವ್ಯಾಟಿನದನ್ನು 899 ಡಾಲರಿಗೆ ತಂದೆ. ಊರಿನ ಪೆಟ್ರೋಲ್ ಬಂಕುಗಳಿಗೂ ಕರೆಂಟು ಇರಲಿಲ್ಲವಾದ್ದರಿಂದ ಕ್ಯಾನುಗಳನ್ನು ಹೊರಗಿನಿಂದಲೇ ತುಂಬಿಸಿ ತರಬೇಕಾಯಿತು. ಎಂಟು ದಿನಕ್ಕೆ 72 ಗ್ಯಾಲನ್ ಹೋಯಿತು. ಗ್ಯಾರೇಜಿನ ಬಾಗಿಲನ್ನು ಅರ್ಧ ಎತ್ತಿ ಅದನ್ನು ಒಳಗೇ ಇಟ್ಟು, ಬಟ್ಟೆ ಒಣಗಿಸುವ ಯಂತ್ರದ ಪ್ಲಗ್ಗಿನ ಮೂಲಕ ಇಡೀ ಮನೆಗೆ ಕರೆಂಟು ಕೊಟ್ಟೆ. ಬೇಸ್‌ಮೆಂಟಿನ ನೀರನ್ನು ಹೊರಹಾಕುವ ಸಂಪ್ ಪಂಪ್ ಒಂದು ದಿನವೂ ನಿಲ್ಲಲಿಲ್ಲ.

ಹಾಸನದ ಮಗಳು:
ಮೇರಿಯನ್‌ವಾಸಿಯವರೇ, ನೀವು ಮಾಡಿದ್ದನ್ನು ದಯವಿಟ್ಟು ಯಾರಿಗೂ ಸಲಹೆಯಾಗಿ ಹೇಳಬೇಡಿ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಆ ವಾರ ನಮ್ಮ ಪಕ್ಕದ ಮನೆಯ ಅಜ್ಜಿಯನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಹೊತ್ತು ತಂದರು. ಗ್ಯಾರೇಜಿನಲ್ಲಿ ಜನರೇಟರ್ ಇಟ್ಟಿದ್ದ ಅವರ ಮಗನೂ ಬಾಗಿಲು ಅರ್ಧ ತೆರೆದಿತ್ತೆಂದೇ ಹೇಳಿದ. ಜನರೇಟರ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ, ಕಿಟಕಿ ಬಾಗಿಲುಗಳಿಂದ ಆಚೆಗೆ ಹೊಗೆ ಹೋಗುವಂತೆ ಇರಬೇಕು. ಡ್ರೈಯರ್ ಪ್ಲಗ್ಗಿನಿಂದ ಕೊಟ್ಟ ಕರೆಂಟು ಬೀದಿಯ ತಂತಿಗೂ ಹರಿಯುತ್ತದೆ. ಬೇರೆ ರಾಜ್ಯಗಳಿಂದ ಬಂದು ಹಗಲಿರುಳು ತಂತಿ ಕಟ್ಟುತ್ತಿದ್ದ ಲೈನ್‌ಮನ್‌ಗಳ ಪ್ರಾಣಕ್ಕೆ ಅದು ಸಂಚಕಾರ.

ಮೇರಿಯನ್‌ವಾಸಿ:
ಬೀದಿಯ ತಂತಿಯಿಂದ ಮನೆಯನ್ನು ಬೇರ್ಪಡಿಸುವ ಮೇನ್ ಬ್ರೇಕರ್ ಇಳಿಸಿಯೇ ಕೊಟ್ಟಿದ್ದೆ, ಮೇಡಂ. ಮನೆಯಲ್ಲಿ ಹಸುಗೂಸು ಇದ್ದಾಗ, 90 ಡಿಗ್ರಿ ಫ್ಯಾರನ್‌ಹೀಟ್ ಸೆಕೆಯಲ್ಲಿ, ಎಂಟು ದಿನ ಮನೆಯನ್ನು ನಡೆಸಿದ್ದೇನೆ. ಆಗ ಯಾರೂ ಬಂದು ಅಡಿ ಅಳೆಯಲಿಲ್ಲ.

ಹಾಸನದ ಮಗಳು:
ಬ್ರೇಕರನ್ನು ಒಂದು ಸಲ ಮರೆತರೆ ಸಾಕು. ಕೂಸು ಇತ್ತೆಂಬುದೇ ನನ್ನ ಮಾತಿಗೆ ಕಾರಣ.

ಬರ್‌ಓಕ್:
ಮರದ ವಿಷಯವನ್ನು ಯಾರೂ ಸರಿಯಾಗಿ ಹೇಳಲಿಲ್ಲ. ನಮ್ಮ ಅಂಗಳದಲ್ಲಿ ನೂರು ವರ್ಷ ದಾಟಿದ ಬರ್ ಓಕ್ ಇದೆ. ಆ ಮಧ್ಯಾಹ್ನ ಹನ್ನೆರಡೂವರೆ ದಾಟಿದ ಮೇಲೆ ಮುಕ್ಕಾಲು ಗಂಟೆ ಗಾಳಿ ನಿಲ್ಲದೆ ಹೊಡೆಯಿತು. ಪಶ್ಚಿಮಕ್ಕಿರುವ ಅಟ್ಕಿನ್ಸ್‌ನಲ್ಲಿ ಗಂಟೆಗೆ 126 ಮೈಲಿ ಅಳತೆಗೆ ಸಿಕ್ಕಿತು, ನಮ್ಮ ಊರಿನ ಕಟ್ಟಡಗಳ ಹಾನಿ ನೋಡಿ 140 ಮೈಲಿಯೆಂದು ಅಂದಾಜು ಮಾಡಿದರು. ಓಕ್ ಎರಡು ಕೊಂಬೆ ಕೊಟ್ಟು ನಿಂತಿತು. ಎದುರು ಮನೆಯ ಸಿಲ್ವರ್ ಮೇಪಲ್ ಮೊದಲ ಹತ್ತು ನಿಮಿಷದಲ್ಲೇ ಸೀಳಿತು. ಊರಿನ ನೆರಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಂದು ಹೋಯಿತು, ಈಗ ನಗರದವರು ರೀಲೀಫ್ (ReLeaf, ಅಂದರೆ ಮತ್ತೆ ಎಲೆ) ಯೋಜನೆಯಲ್ಲಿ ಸಸಿ ನೆಡುತ್ತಿದ್ದಾರೆ. ಉಳಿದ ಮರವನ್ನು ಹೆದರಿ ಕಡಿಸುವುದು ನನಗೆ ಸಹಿಸಲಾಗದ ಮಾತು.

ಕಾವೇರಿತೀರ:
ಬರ್‌ಓಕ್ ಅವರೇ, ನಿಂತ ಮರದ ಕೆಳಗೆ ಕುಳಿತು ಹೀಗೆ ಬರೆಯಬಹುದು. ನನ್ನ ಮಗಳ ಮಂಚದ ಮೇಲೆ ಮೇಪಲ್ ಕೊಂಬೆ ಇತ್ತು. ನಾವು ಬೇಸ್‌ಮೆಂಟಿನಲ್ಲಿ ಇದ್ದುದರಿಂದ ಉಳಿದೆವು, ಅದೂ ಸೈರನ್ ಕೇಳಿದ್ದಕ್ಕಲ್ಲ, ಆಕಾಶ ಹಸಿರಾದದ್ದನ್ನು ನೋಡಿ. ಫೋನ್ ಒಮ್ಮೆಯೂ ಎಚ್ಚರಿಸಲಿಲ್ಲ.

ಬರ್‌ಓಕ್:
ನಿಮ್ಮ ನೋವನ್ನು ಅಲ್ಲಗಳೆಯುತ್ತಿಲ್ಲ. ಆದರೆ ಬೋಳಾದ ಬೀದಿಯಲ್ಲಿ ಏಸಿಯ ಬಿಲ್ 140 ಇದ್ದದ್ದು 210 ಡಾಲರ್ ಆದದ್ದನ್ನೂ ನನ್ನ ತಂಗಿಯ ಮನೆಯಲ್ಲಿ ಕಂಡಿದ್ದೇನೆ. ನಾನು ಹೇಳುವುದು ಸಿಲ್ವರ್ ಮೇಪಲ್ ಉಳಿಸಿ ಎಂದಲ್ಲ, ಪ್ರಮಾಣಪತ್ರವಿರುವ ಆರ್ಬರಿಸ್ಟ್‌ನಿಂದ, ಅಂದರೆ ಮರಗಳ ತಜ್ಞನಿಂದ, ಕಾಂಡದ ಒಳಗಿನ ಕೊಳೆತ ನೋಡಿಸದೆ ತೀರ್ಮಾನಿಸಬೇಡಿ ಎಂದು. ಫೋನ್ ವಿಷಯದಲ್ಲಿ ನೀವು ಹೇಳಿದ್ದು ನಿಜ. ಆಗ ಗುಡುಗುಗಾಳಿಯ ಎಚ್ಚರಿಕೆ ಫೋನಿಗೆ ಬರುತ್ತಿರಲಿಲ್ಲ. 2021ರ ಆಗಸ್ಟ್‌ನಿಂದ ಗಾಳಿ 80 ಮೈಲಿ ಮುಟ್ಟುವ ಅಂದಾಜಿದ್ದರೆ ಎಲ್ಲ ಫೋನುಗಳೂ ಕೂಗುತ್ತವೆ.

ಹಾಸನದ ಮಗಳು:
ಪ್ರಶ್ನೆ ಕೇಳಿದವರ ಅಮ್ಮನ ಇನ್ಸುಲಿನ್ ಎಲ್ಲರಿಗೂ ಮರೆತೇಹೋಯಿತು. ನಮ್ಮ ಅತ್ತೆಯವರೂ ಅಂದು ಇಲ್ಲೇ ಇದ್ದರು. ಊರಿನಲ್ಲಿ ಐಸ್ ಸಿಗಲಿಲ್ಲ. ಮಣ್ಣಿನ ಮಡಕೆ ಇರಲಿಲ್ಲವಾದ್ದರಿಂದ ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿಯನ್ನು ಬೇಸ್‌ಮೆಂಟಿನ ನೆಲದ ಮೇಲಿಟ್ಟು ನೋಡಿಕೊಂಡೆವು. ಬಳಸುತ್ತಿರುವ ಇನ್ಸುಲಿನ್ ಬಹುಪಾಲು ತಂಪಾದ ಕೋಣೆಯಲ್ಲಿ ನಾಲ್ಕು ವಾರ ತಡೆಯುತ್ತದೆ, ತಮ್ಮದು ಎಷ್ಟು ದಿನವೆಂದು ಪೆಟ್ಟಿಗೆಯ ಮೇಲಿರುತ್ತದೆ. ಫ್ರಿಜ್ ಇಲ್ಲದೆ ಕೆಡುವುದು ಅಷ್ಟರೊಳಗೆ ಬಳಸಿ ಮುಗಿಸಲಾಗದ ದಾಸ್ತಾನು. ಅತ್ತೆಯವರು ಊರಿನಿಂದ ಆರು ತಿಂಗಳ ಔಷಧಿ ಒಟ್ಟಿಗೆ ತಂದಿದ್ದರು, ನಮಗೆ ನಿದ್ದೆ ಕೆಡಿಸಿದ್ದು ಅದೇ.

ಶಿವಮೊಗ್ಗದವನು:
ಎಲ್ಲರಿಗೂ ಕೃತಜ್ಞತೆಗಳು. ಆರ್ಬರಿಸ್ಟ್ ಗುರುವಾರ ಬರುತ್ತಾರೆ. ವಿಮೆಯ ಪತ್ರ ತೆಗೆದು ನೋಡಿದೆ, ನಮ್ಮದೂ ಎರಡು ಪ್ರತಿಶತ, ಛಾವಣಿಗೆ ಸವಕಳಿ. ಕಾವೇರಿತೀರ ಅವರೇ, ನೀವು ಆಮೇಲೆ ಬದಲಾಯಿಸಿದ್ದರೆ ಎಷ್ಟು ಹೆಚ್ಚು ಬಿತ್ತು?

ಕಾವೇರಿತೀರ:
ವರ್ಷಕ್ಕೆ 410 ಡಾಲರ್ ಹೆಚ್ಚು, ಡಿಡಕ್ಟಿಬಲ್ ಒಂದು ಪ್ರತಿಶತಕ್ಕೆ ಇಳಿಯಿತು, ಛಾವಣಿಗೆ ಹೊಸದಾಗಿ ಹಾಕಿಸುವ ಪೂರ್ತಿ ಬೆಲೆ. ಹತ್ತು ವರ್ಷ ದಾಟಿದ ಛಾವಣಿಗೆ ಕೊಡುವುದಿಲ್ಲವೆಂದು ಇಬ್ಬರು ಏಜೆಂಟರು ಹೇಳಿದರು. ನಿಮ್ಮ ಛಾವಣಿ 2020ರ ನಂತರದ್ದೇ ಎಂದು ಮನೆ ಮಾರಿದವರಿಂದ ರಸೀದಿ ಕೇಳಿ ಪಡೆಯಿರಿ.