ಅಪ್‌ಡೇಟ್: ಗೋಳಗುಮ್ಮಟದ ನನ್ನ ಫೋಟೋ ವಿಷಯ

ಹೋದ ತಿಂಗಳ ಕೇಳಿದ್ನೆಲ್ರಿ, ನಾ ತಗದ ಗೋಳಗುಮ್ಮಟದ ಫೋಟೋ ವಿಜಯಪುರದಾಗ ಒಬ್ರು ನನ್ನ ಕೇಳ್ಲಾರದ ಕ್ಯಾಲೆಂಡರ್‌ಗೆ ಹಾಕ್ಯಾರ, ಏನ್ ಮಾಡ್ಲಿ ಅಂತ. ವಕೀಲರ ಕಡೆ ಹೋಗಿದ್ದೆ. ರಿಜಿಸ್ಟರ್ ಮಾಡಿಲ್ಲಂದ್ರ ಹಕ್ಕಿಲ್ಲ ಅಂತ ಕೆಲವರು ಅಂದಿದ್ರಿ, ಅದು ತಪ್ಪು ರೀ, ಫೋಟೋ ತಗದ ಕೂಡ್ಲೇ ಕಾಪಿರೈಟ್ ಬರ್ತೈತಿ, ತಗದವ್ರು ಬದುಕಿರೋ ತನಕ, ಆಮ್ಯಾಲ ಅವ್ರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರ್ತೈತಿ. ಗುಮ್ಮಟ ಎಲ್ಲಾರದೂ, ಯಾರ್ ಬೇಕಾದ್ರೂ ಫೋಟೋ ತಗೀಬಹುದು, ಆದ್ರ ನಾ ನಸುಕಿನ್ಯಾಗ ಎದ್ದು ಹೋಗಿ ಥಂಡ್ಯಾಗ ಬೆಳಕಿಗೆ ಕಾದು ತಗದದ್ದು ನಂದೇ ಅಲ್ರಿ. 1957ರ ಕಾಪಿರೈಟ್ ಕಾಯ್ದೆದ 52ನೇ ಸೆಕ್ಷನ್‌ನಾಗ ಸ್ವಂತ ಬಳಕೆ, ರಿಸರ್ಚ್, ವಿಮರ್ಶೆ, ಸುದ್ದಿ ಇಂಥಾವಕ್ಕ ವಿನಾಯ್ತಿ ಐತಿ, ಮಾರೋ ಕ್ಯಾಲೆಂಡರ್ ಅದರಾಗ ಬರಂಗಿಲ್ಲ ಅಂದ್ರು ವಕೀಲರು. ನೋಟಿಸ್ ಕೊಟ್ವಿ. ಮೊನ್ನೆ ರೊಕ್ಕಾ ಕೊಟ್ರು, ಉಳಿದ ಪ್ರತಿಗೆ ನನ್ನ ಹೆಸರೂ ಹಚ್ಯಾರ.