ನೆತ್ತಿಗೆ ನೀರು ಹಾಕಿದರೆ ಸಾಕಾ, ಮುಳುಗಲೇಬೇಕಾ?

ಪ್ರಶ್ನೆ: ಸರ್, ಮಗುವಿಗೆ ಮೂರು ತಿಂಗಳಿದ್ದಾಗ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಮಾಡಿಸಿದೆವು. ಫಾದರ್ ನೆತ್ತಿಗೆ ನೀರು ಹಾಕಿದರು, ಅಷ್ಟೇ. ಬೇರೆ ಸಭೆಗೆ ಹೋಗುವ ನನ್ನ ಓರಗಿತ್ತಿ, 'ಮುಳುಗದಿದ್ದರೆ ಅದು ಸ್ನಾನವೇ ಅಲ್ಲ, ಮೊದಲಿನ ಕ್ರೈಸ್ತರೆಲ್ಲ ಹೊಳೆಯಲ್ಲೇ ಮುಳುಗುತ್ತಿದ್ದರು' ಅನ್ನುತ್ತಾರೆ. ಹೌದಾ?

ಉತ್ತರ (ಸಭಾ ಚರಿತ್ರೆ ಪಾಠ ಮಾಡುವವನು): ನಿಮ್ಮ ಓರಗಿತ್ತಿ ಸುಮ್ನೆ ಹೇಳಿಲ್ಲ, ಮೇಡಂ. ಗ್ರೀಕಿನ 'ಬಾಪ್ಟಿಜೋ' ಅಂದರೆ ಅದ್ದು, ಮುಳುಗಿಸು ಅಂತಲೇ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲ ಈ ಸ್ನಾನವನ್ನು ಕ್ರಿಸ್ತನ ಜೊತೆ ಹೂಣಿಸಿಕೊಂಡು ಹೊಸ ಬಾಳಿಗೆ ಎದ್ದು ಬರುವುದು ಅನ್ನುತ್ತಾನೆ. ನೀರು ತೊಳೆಯುವುದಕ್ಕೆ ಮಾತ್ರ ಅಲ್ಲ, ಅದು ಗೋರಿಯೂ ಹೌದು. ಮುಳುಗಿದರೆ ಆ ಅರ್ಥ ಕಣ್ಣಿಗೆ ಕಾಣುತ್ತದೆ.

ಆದರೆ 'ಎಲ್ಲರೂ ಹೊಳೆಯಲ್ಲೇ' ಅನ್ನುವುದು ಜಾಸ್ತಿ ಆಯಿತು. ಸಭೆಯ ತೀರಾ ಹಳೆಯ ಕೈಪಿಡಿಗಳಲ್ಲಿ ಒಂದು 'ದಿದಾಖೆ'. ಹರಿಯುವ ನೀರಾದರೆ ಒಳ್ಳೆಯದು, ಇಲ್ಲದಿದ್ದರೆ ಬೇರೆ ನೀರು, ಅದೂ ಸಾಲದಿದ್ದರೆ ತಂದೆ, ಮಗ, ಪವಿತ್ರಾತ್ಮನ ಹೆಸರಲ್ಲಿ ತಲೆಗೆ ಮೂರು ಸಲ ಹೊಯ್ಯಿರಿ ಅನ್ನುತ್ತದೆ. ನೀರಿನ ವಿಷಯದಲ್ಲಿ ಇಷ್ಟು ಸಡಿಲ. ಉಪವಾಸದಲ್ಲಿ ಮಾತ್ರ ಸಡಿಲವಿಲ್ಲ. ಸ್ನಾನ ಪಡೆಯುವವನು ಒಂದೆರಡು ದಿನ ಮೊದಲೇ ಉಪವಾಸ ಇರಬೇಕಿತ್ತು.

ಸಿರಿಯಾದ ದುರಾ ಯೂರೋಪಸ್‌ನಲ್ಲಿ ಒಂದು ಮನೆಯನ್ನೇ ಚರ್ಚು ಮಾಡಿಕೊಂಡಿದ್ದರು. ಅದರ ಒಂದು ಕೋಣೆಯಲ್ಲಿ ನೀರಿನ ತೊಟ್ಟಿ, ಮೇಲೆ ಚಪ್ಪರ, ಹಿಂದಿನ ಗೋಡೆಯಲ್ಲಿ ಕುರಿ ಹೊತ್ತ ಕುರುಬನ ಚಿತ್ರ. ಸುಮಾರು ಕ್ರಿ.ಶ. 256ರಲ್ಲಿ ಮುತ್ತಿಗೆ ಬಿದ್ದಾಗ ಕೋಟೆಗೋಡೆ ಗಟ್ಟಿಯಾಗಲಿ ಅಂತ ಆ ಮನೆಯ ಮೇಲೂ ಮಣ್ಣು ತುಂಬಿದರು. ಹಾಗಾಗಿ ಚಿತ್ರ ಉಳಿಯಿತು! ಅಲ್ಲಿ ಹೊಳೆಯಲ್ಲ, ಮನೆಯೊಳಗಿನ ತೊಟ್ಟಿಯೇ ಸಾಕಾಗಿತ್ತು.

ಇನ್ನೊಬ್ಬರ ಪ್ರಶ್ನೆ: ಎಳೆ ಮಕ್ಕಳಿಗೂ ಕೊಡುತ್ತಿದ್ದರಾ?

ಉತ್ತರ: ಒಂದೇ ಪದ್ಧತಿ ಇರಲಿಲ್ಲ. 'ಅಪೊಸ್ತಲರ ಸಂಪ್ರದಾಯ' ಎಂಬ ಹಳೆಯ ಬರಹದಲ್ಲಿ ಮಕ್ಕಳದೇ ಮೊದಲ ಸರದಿ. ಮಾತು ಬಾರದ ಮಗುವಿನ ಪರವಾಗಿ ಅಪ್ಪ ಅಮ್ಮ ಉತ್ತರ ಹೇಳಬೇಕು. ದೊಡ್ಡವರಿಗೆ ಮೂರು ವರ್ಷ ಪಾಠ! ಸ್ನಾನ ಮುಗಿಸಿ ಮೊದಲ ಸಲ ಪ್ರಭುಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ) ಬಂದವರಿಗೆ ಹಾಲು ಜೇನು ಬೆರೆಸಿ ಕುಡಿಸುತ್ತಿದ್ದರು, ಹಾಲೂ ಜೇನೂ ಹರಿಯುತ್ತದೆಂದು ದೇವರು ಮಾತು ಕೊಟ್ಟ ಕಾನಾನ್ ನಾಡಿನ ನೆನಪಿಗೆ.

ಆದರೆ ಸುಮಾರು 200ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್, ಮಕ್ಕಳಿಗೆ ಏನವಸರ, ತಿಳಿವಳಿಕೆ ಬರಲಿ ಎಂದು ಬರೆದ. ಮುಂದೆ ಪಾಪ ಮಾಡಿಬಿಟ್ಟರೆ ಅನ್ನುವ ಭಯಕ್ಕೆ ಮುಂದೂಡಿದವರೂ ಇದ್ದರು. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಸ್ನಾನ ಪಡೆದದ್ದು 337ರಲ್ಲಿ, ಸಾಯುವ ಹೊತ್ತಿಗೆ. ಮುಂದೆ ಹೆಸರಾಂತ ಬಿಷಪ್ ಆದ ಅಗಸ್ಟೀನನ ತಾಯಿ ಮೋನಿಕಾ ಎಂಥ ಭಕ್ತೆ, ಅಲ್ವಾ? ಆದರೂ ಮಗನಿಗೆ ಸ್ನಾನವಾದದ್ದು 387ರ ಈಸ್ಟರ್‌ಗೆ, ಮಿಲಾನ್‌ನಲ್ಲಿ, ಅವನಿಗೆ 32 ವರ್ಷವಾದಾಗ. ಅವನು ಸ್ನಾನ ಪಡೆದ ಎಂಟು ಮೂಲೆಯ ಕೊಳದ ಕುರುಹು ಈಗಲೂ ಅಲ್ಲಿನ ದೊಡ್ಡ ಚರ್ಚಿನ ಅಡಿಯಲ್ಲಿದೆ.

ಮೊದಲು ಕೇಳಿದವರು: ಥ್ಯಾಂಕ್ಸ್ ಸರ್, ಓರಗಿತ್ತಿಗೂ ತೋರಿಸುತ್ತೇನೆ. ನಮ್ಮದು ಡಿಸೆಂಬರ್ ಚಳಿ, ನೀರು ಬಿದ್ದ ತಕ್ಷಣ ಮಗು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ.

ಉತ್ತರ: ತಣ್ಣೀರು ಆಗದಿದ್ದರೆ ಬಿಸಿನೀರು ಅಂತ ದಿದಾಖೆಯಲ್ಲೇ ಇದೆ, ಮೇಡಂ. ಇನ್ನೊಂದು ಮಗುವಾದರೆ ಫಾದರ್ ಹತ್ರ ಮೊದಲೇ ಹೇಳಿಡಿ.